ನಡೆಮಡಿ ಹಾಸಿದ ಊರು

ಜಿಟಿಎ 3 (ಗ್ರ್ಯಾಂಡ್ ಥೆಫ್ಟ್ ಆಟೊ 3) ಅನ್ನುವ ವಿಡಿಯೊ ಗೇಮ್ ಆಡಿದವರಿಗೆ ಇದು ನೆನಪಿರಬಹುದು. ಬೀದಿಯಲ್ಲಿ ಅಪರೂಪದ ಕಾರೊಂದು ಕಾಣುತ್ತದೆ. ಅದನ್ನು ಕದ್ದು ನಾಲ್ಕು ತಿರುವು ದಾಟುವಷ್ಟರಲ್ಲಿ ಎಲ್ಲಿ ನೋಡಿದರೂ ಅದೇ ಕಾರು! ಹಿಂದೆ ತಿರುಗಿದರೆ ಈಗಷ್ಟೇ ಪಕ್ಕದಲ್ಲಿ ಹೋದ ಟ್ಯಾಕ್ಸಿ ಮಾಯ. ಸೈಬರ್‌ನಲ್ಲಿ ಕೂತು ಆಡುವಾಗ ಇದನ್ನು ಗೇಮ್‌ನ ದೋಷ ಅಂದುಕೊಂಡಿದ್ದೆ. ಆ ಊರು ನಿಂತಿದ್ದೇ ಇದರ ಮೇಲೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿದ್ದ ಡಿಎಂಎ ಡಿಸೈನ್ ಕಂಪನಿ ಮಾಡಿದ ಈ ಗೇಮ್ 2001ರ ಅಕ್ಟೋಬರ್‌ನಲ್ಲಿ ಪ್ಲೇಸ್ಟೇಷನ್ 2 ಅನ್ನುವ ಗೇಮ್ ಯಂತ್ರಕ್ಕೆ ಬಂತು. ಆ ಯಂತ್ರದ ಮುಖ್ಯ ಮೆಮೊರಿ 32 ಎಂಬಿ. ಇವತ್ತಿನ ಫೋನಿನ ಹತ್ತು ಫೋಟೊಗೆ ತುಂಬಿಹೋಗುವಷ್ಟು ಜಾಗ. ಅದರಲ್ಲಿ ಗೇಮ್ ನಡೆಯುವ ಲಿಬರ್ಟಿ ಸಿಟಿಯಂಥ ಇಡೀ ನಗರ ಹಿಡಿಸುವುದು ಹೇಗೆ?

ದೇವರ ಉತ್ಸವದಲ್ಲಿ ನಡೆಮಡಿ ಹಾಸುವುದನ್ನು ನೋಡಿದ್ದೀರಲ್ವಾ? ಇರುವುದು ಕೆಲವೇ ಬಟ್ಟೆ. ದೇವರು ದಾಟಿದ ಮೇಲೆ ಹಿಂದಿನದನ್ನು ಎತ್ತಿ ಓಡಿಬಂದು ಮುಂದೆ ಹಾಸುತ್ತಾರೆ. ಇಲ್ಲೂ ಅದೇ ಕೆಲಸ. ನೀವು ಮುಂದೆ ಹೋದ ಹಾಗೆ ಹಿಂದಿನ ಬೀದಿಯನ್ನು ಮೆಮೊರಿಯಿಂದ ತೆಗೆದು, ಮುಂದಿನ ಬೀದಿಯನ್ನು ಡಿವಿಡಿಯಿಂದ ಓದಿ ತುಂಬುತ್ತಾರೆ. ಇದಕ್ಕೆ ಸ್ಟ್ರೀಮಿಂಗ್ ಅಂತ ಹೆಸರು. ಕಾರುಗಳ ಕಥೆಯೂ ಇದೇ. ಒಂದು ಸಲಕ್ಕೆ ಮೆಮೊರಿಯಲ್ಲಿ ಕೆಲವೇ ನಮೂನೆಯ ಕಾರಿಗೆ ಜಾಗ. ನೀವು ಓಡಿಸುತ್ತಿರುವ ಕಾರು ಅಲ್ಲಿ ಇರಲೇಬೇಕು. ಹಾಗಾಗಿ ರಸ್ತೆ ತುಂಬ ಅದೇ.

ಕಷ್ಟ ಇದ್ದಿದ್ದು ವೇಗದಲ್ಲಿ. ಡಿವಿಡಿ ಓದುವ ಲೇಸರ್ ಬೇಕಾದ ಜಾಗಕ್ಕೆ ಸರಿದು ಹೋಗಲು ಸಮಯ ಹಿಡಿಯುತ್ತದೆ. ಕಾರು ಜೋರಾಗಿ ಹೋದರೆ ಬಟ್ಟೆ ಹಾಸುವವರಿಗಿಂತ ಮೊದಲೇ ದೇವರು ಬಂದಂತೆ. ರಸ್ತೆಯೇ ಇನ್ನೂ ಬಂದಿರುವುದಿಲ್ಲ! ಈ ತೊಂದರೆ ಲಿಬರ್ಟಿ ಸಿಟಿಯ ಪೋರ್ಟ್‌ಲ್ಯಾಂಡ್ ದ್ವೀಪದಲ್ಲಿ ಜಾಸ್ತಿ ಇತ್ತಂತೆ. ಆಟಗಾರ ನಿಧಾನವಾಗಲಿ ಅಂತ ಅಲ್ಲಿನ ರಸ್ತೆಗಳನ್ನೇ ಬದಲಾಯಿಸಿದರು. ಅದೂ ಸಾಲದ ಕಡೆ ಕಾರಿಗೆ ಗಾಳಿಯ ತಡೆಯನ್ನು ಸ್ವಲ್ಪ ಹೆಚ್ಚಿಸಿದರು. ಇದನ್ನು ಆ ತಂಡದಲ್ಲಿದ್ದ ಪ್ರೋಗ್ರಾಮರ್ ಓಬೆ ವರ್ಮೇಯ್ ಅವರೇ ಎಷ್ಟೋ ವರ್ಷಗಳ ನಂತರ ಹೇಳಿಕೊಂಡರು. ಆಡುವವರಿಗೆ ಗೊತ್ತೇ ಆಗದಂತೆ ಗಾಳಿಯನ್ನು ದಪ್ಪ ಮಾಡುವುದು! ನನಗೆ ಇಡೀ ಗೇಮ್‌ನಲ್ಲಿ ಇದಕ್ಕಿಂತ ಚೆಂದದ ಕೆಲಸ ಕಾಣುವುದಿಲ್ಲ.

ದ್ವೀಪದಿಂದ ದ್ವೀಪಕ್ಕೆ ದಾಟುವಾಗ ಈ ಗುಟ್ಟು ಬಯಲಾಗುತ್ತದೆ. ಪೋರ್ಟ್‌ಲ್ಯಾಂಡ್ ದಡದಲ್ಲಿ ನಿಂತರೆ ನೀರಿನ ಆಚೆ ಸ್ಟಾಂಟನ್ ದ್ವೀಪದ ಕಟ್ಟಡಗಳು ಕಾಣುತ್ತವೆ. ಅವು ಸುಮ್ನೆ ಡಬ್ಬಗಳು, ದೂರದಿಂದ ನೋಡುವುದಕ್ಕಷ್ಟೇ. ಸೇತುವೆ ಹತ್ತಿ ಅರ್ಧ ದಾರಿಗೆ ಬಂದಾಗ ಆಟ ನಿಂತು, ಪರದೆಯ ಮೇಲೆ ದ್ವೀಪದ ಹೆಸರು ಬರುತ್ತದೆ. ಬೆನ್ನ ಹಿಂದಿನ ಪೋರ್ಟ್‌ಲ್ಯಾಂಡ್ ಈಗ ಡಬ್ಬವಾಗುವ ಸರದಿ.