ಬದಲಾಗಲಿಲ್ಲ, ಊರು ಬಿಟ್ಟವು

ಪಳೆಯುಳಿಕೆ ಅಂದ ಕೂಡಲೇ ಕಲ್ಲಾದ ಮೂಳೆ ನೆನಪಾಗುತ್ತದೆ, ಅಲ್ವಾ? ಹಿಮಯುಗದ ದುಂಬಿಗಳು ಹಾಗಲ್ಲ. ಗಾಳಿ ತಾಗದ ಜೌಗು ಮಣ್ಣಲ್ಲಿ, ಹಳೇ ಕೆರೆಗಳ ತಳದ ಕೆಸರಲ್ಲಿ ಅವುಗಳ ಗಟ್ಟಿ ಚಿಪ್ಪು ಚಿಪ್ಪಾಗಿಯೇ ಉಳಿದಿರುತ್ತದೆ. ತಲೆ ಒಂದು ಕಡೆ, ಬೆನ್ನಿನ ಹೊದಿಕೆ ಇನ್ನೊಂದು ಕಡೆ. ಹೊಳಪು ಮಾತ್ರ ಎಷ್ಟೋ ಸಲ ಮೊನ್ನೆ ಸತ್ತ ಹುಳದ್ದು ಅನ್ನುವ ಹಾಗಿರುತ್ತದೆ. ತೆಂಗಿನ ಸುಳಿಯಿಂದ ಕುರುವಾಯಿ ಹುಳ ಎಳೆದು ತೆಗೆದವರಿಗೆ ಆ ಬೆನ್ನು ಎಂಥ ಗಟ್ಟಿ ಅಂತ ಹೇಳಬೇಕಿಲ್ಲ.

ಇವನ್ನು ಮಣ್ಣಿಂದ ಬಿಡಿಸುವ ಉಪಾಯ ನನಗೆ ತುಂಬಾ ಇಷ್ಟ. ಮಣ್ಣನ್ನು ನೀರಲ್ಲಿ ಕದಡಿ ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆಯುತ್ತಾರೆ. ಉಳಿದದ್ದಕ್ಕೆ ಸೀಮೆಎಣ್ಣೆ ಕಲಸಿ, ಜಾಸ್ತಿಯಾದದ್ದನ್ನು ಬಸಿದು, ಮೇಲೆ ತಣ್ಣೀರು ಸುರಿಯುತ್ತಾರೆ. ಹುಳದ ಚಿಪ್ಪಿಗೆ ಎಣ್ಣೆ ಅಂಟಿಕೊಂಡಿರುವುದರಿಂದ ಅದು ತೇಲುತ್ತದೆ, ಕಸಕಡ್ಡಿ ಬಹುಪಾಲು ತಳ ಸೇರುತ್ತದೆ. ಆಮೇಲೆ ಸೂಕ್ಷ್ಮದರ್ಶಕದಡಿ ಕೂತು ಒಂದೊಂದೇ ಚೂರು ಆರಿಸುವುದು, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ರಸೆಲ್ ಕೂಪ್ 1950ರ ದಶಕದಲ್ಲಿ ಈ ಕೆಲಸಕ್ಕೆ ಇಳಿದರು. ಮ್ಯಾಮತ್‌ಗಳ, ಅಂದರೆ ಈಗ ಅಳಿದುಹೋದ ರೋಮದ ಆನೆಗಳ, ಕಾಲದ ಹುಳ ಅಂದಮೇಲೆ ಅಳಿದುಹೋದ ಜಾತಿಗಳೇ ಇರಬೇಕು ಅನ್ನುವುದು ಹಿಂದಿನವರ ಅಂದಾಜಾಗಿತ್ತು. ಕೂಪ್ ಹೋಲಿಸಿ ನೋಡಿದರೆ ಹೆಚ್ಚೂಕಡಿಮೆ ಎಲ್ಲವೂ ಈಗ ಬದುಕಿರುವ ಜಾತಿಗಳೇ! ಸುಮ್ನೆ ಮೇಲ್ನೋಟದ ಹೋಲಿಕೆಯೂ ಅಲ್ಲ. ಒಂದೇ ಥರ ಕಾಣುವ ದುಂಬಿಗಳನ್ನು ಬೇರೆ ಮಾಡಲು ತಜ್ಞರು ಗಂಡಿನ ಜನನಾಂಗದ ಆಕಾರ ನೋಡುತ್ತಾರೆ, ಕೆಲವು ಹುಳಗಳಲ್ಲಿ ಅದೂ ಕೆಡದೆ ಉಳಿದಿತ್ತು. ಅದೂ ಹೊಂದಿಕೆಯಾಯಿತು.

ಹಾಗಾದರೆ ಅವೆಲ್ಲ ಈಗ ಎಲ್ಲಿವೆ? ಹಿಮಯುಗದ ಇಂಗ್ಲೆಂಡಿನಲ್ಲಿ ಹೇರಳವಾಗಿದ್ದ ಒಂದು ಸಣ್ಣ ಸಗಣಿ ಹುಳ, ಅಫೋಡಿಯಸ್ ಹೋಲ್ಡರರಿ, ಈಗ ಯುರೋಪಿನಲ್ಲೇ ಇಲ್ಲ. 1973ರಲ್ಲಿ ಕೂಪ್ ಅದರ ವಿಳಾಸ ಕೊಟ್ಟರು: ಟಿಬೆಟ್ ಪ್ರಸ್ಥಭೂಮಿ.

ನಾವು ಶಾಲೆಯಲ್ಲಿ ಕಲಿತದ್ದು ಹವಾಮಾನ ಬದಲಾದರೆ ಜೀವಿ ಬದಲಾಗುತ್ತದೆ, ಇಲ್ಲ ಅಳಿಯುತ್ತದೆ ಅಂತ. ದುಂಬಿಗಳು ಮೂರನೆಯ ದಾರಿ ಹಿಡಿದವು. ಚಳಿ ಬಂದರೆ ಒಂದು ಕಡೆ, ಸೆಕೆ ಬಂದರೆ ಇನ್ನೊಂದು ಕಡೆ ಹೊರಟವು. ಹೊಸ ಜಾತಿ ಹುಟ್ಟಬೇಕಾದರೆ ಒಂದು ಗುಂಪು ತುಂಬಾ ಕಾಲ ಉಳಿದವರಿಂದ ಬೇರೆಯಾಗಿ ಇರಬೇಕು. ಇವು ಮಾತ್ರ ಪದೇ ಪದೇ ಚದುರಿ, ಮತ್ತೆ ಕಲೆತು, ಬೆರೆತುಹೋಗುತ್ತಿದ್ದವು. ಹವೆ ಹೀಗೆ ಏರುಪೇರಾಗುತ್ತಿದ್ದದ್ದೇ ಅವು ಬದಲಾಗದಿರಲು ಕಾರಣ ಅನ್ನುವುದು ಕೂಪ್ ವಾದ. ಕೇಳಲು ತಲೆಕೆಳಗು ಅನ್ನಿಸುತ್ತದೆ, ನನಗಂತೂ ಒಪ್ಪಿಗೆಯಾಗುತ್ತದೆ.

ಹಿಮಯುಗದ ಕೊನೆಯಲ್ಲೂ ಇದೇ ಕಥೆ. ಆ ಕಾಲದ ಮಣ್ಣಲ್ಲಿ ಉಳಿದ ಹೂವಿನ ಪರಾಗ ನೋಡಿದವರು ಮರಗಳೇ ಇಲ್ಲ, ಇನ್ನೂ ಚಳಿ ಇದ್ದಿರಬೇಕು ಅಂದರು. ಅದೇ ಮಣ್ಣಲ್ಲಿ ಬೆಚ್ಚನೆ ನಾಡಿನ ದುಂಬಿಗಳಿದ್ದವು. ಚಳಿ ಆಗಲೇ ಹೋಗಿತ್ತು. ದುಂಬಿ ಹಾರಿ ಬಂದಿತ್ತು, ಮರ ಇನ್ನೂ ದಾರಿಯಲ್ಲಿತ್ತು.