ಹಗ್ಗ ಬಿಡಿ ಸ್ವಾಮಿ

ಜನವರಿಯಲ್ಲಿ ಸುಂಟಿಕೊಪ್ಪ ಕಡೆಯ ತೋಟದ ಮಾಲೀಕರೊಬ್ಬರು ಫೋನ್ ಮಾಡಿದರು. ‘ಸರ್, ನನ್ನ ಲೇಸರ್ ಓಡ್ತಾನೇ ಇಲ್ಲ. ಹೊಸ ಹಾಯಿ ತರಿಸ್ಲಾ?’

ಲೇಸರ್ ಅಂದರೆ ಒಂದೇ ಹಾಯಿಯ ಸಣ್ಣ ದೋಣಿ. ಅವರ ಹಾಯಿಗೆ 2 ವರ್ಷವೂ ಆಗಿರಲಿಲ್ಲ. ಹಾರಂಗಿ ಹಿನ್ನೀರಿಗೆ ಹೋಗಿ ನೋಡಿದೆ. ಸಾಹೇಬರು ದೋಣಿಯ ಹಿಂತುದಿಯಲ್ಲಿ ಆರಾಮಾಗಿ ಕೂತಿದ್ದಾರೆ. ಪಕ್ಕದಲ್ಲಿ ಕಾಫಿ ಥರ್ಮಾಸ್. ಹಾಯಿಯ ಹಗ್ಗವನ್ನು, ಅಂದರೆ ಶೀಟನ್ನು, ಕೈಗೆ ಸುತ್ತಿ ಜಗ್ಗಿ ಹಿಡಿದಿದ್ದಾರೆ. (ಹಗ್ಗ ಕೈಗೆ ಸುತ್ತಬೇಡಿ. ಯಾವತ್ತೂ.) ಬೂಮ್, ಅಂದರೆ ಹಾಯಿಯ ಬುಡದ ಅಡ್ಡಕೋಲು, ದೋಣಿಯ ನಟ್ಟನಡುವೆ ಬಂದು ನಿಂತಿದೆ. ನೀರುಕಾಗೆಯೊಂದು ಅವರನ್ನು ದಾಟಿ ಈಜಿಕೊಂಡು ಹೋಯಿತು.

ಸೇನೆಯಿಂದ ನಿವೃತ್ತನಾಗಿ ಊರಿಗೆ ಬಂದ ಮೇಲೆ ನನ್ನ ಹತ್ತಿರ ಕಲಿತವರಲ್ಲಿ ಹೆಚ್ಚಿನವರು ಹೀಗೇ. ಗಾಳಿ ಕಡಿಮೆಯಾದ ತಕ್ಷಣ ಹಗ್ಗ ಎಳೆಯುತ್ತಾರೆ. ಜೀಪು ಏರು ಹತ್ತದಿದ್ದರೆ ಆಕ್ಸಿಲರೇಟರ್ ತುಳಿದು ಅಭ್ಯಾಸ, ಅಲ್ವಾ? ಶೀಟ್ ಆಕ್ಸಿಲರೇಟರ್ ಅಲ್ಲ.

ಬಿಗಿಯಾದ ಹಾಯಿ ನೋಡಲು ಚೆಂದ, ಒಪ್ಪುತ್ತೇನೆ. ಕೈಗೂ ಸ್ವಲ್ಪ ಭಾರ ಹತ್ತುತ್ತದೆ. ಆದರೆ ಆ ಬಲ ದೋಣಿಯನ್ನು ಪಕ್ಕಕ್ಕೆ ತಳ್ಳುವಂಥದ್ದು. ಮುಂದಕ್ಕೆ ಹೋಗಬೇಕಾದರೆ ಗಾಳಿ ಹಾಯಿಯ ಎರಡೂ ಮೈ ಸವರಿಕೊಂಡು ಬಾಗಿ ಹೋಗಬೇಕು. 4 ನಾಟ್ ಗಾಳಿ ಅಂದರೆ ಗಂಟೆಗೆ ಸುಮಾರು 7.4 ಕಿಲೋಮೀಟರ್. ಅದರ ಬಲ 8 ನಾಟ್ ಗಾಳಿಯ ಅರ್ಧವಲ್ಲ, ಬರೀ ಕಾಲು ಭಾಗ. ಅಂಥ ಸಣ್ಣ ಗಾಳಿಯನ್ನು ಚೂಪಾಗಿ ತಿರುಗಿಸಲು ಹೋದರೆ ಅದು ಹಾಯಿಯ ಹಿಂಮೈ ಬಿಟ್ಟು ಚದುರಿ ಹೋಗುತ್ತದೆ. ಹಿಂಮೈಗೆ ಅಂಟಿಸಿದ ಉಣ್ಣೆ ಎಳೆ ಜೋತುಬಿದ್ದರೆ ಹಾಗಾಗಿದೆ ಎಂದೇ ಅರ್ಥ. ಹಗ್ಗ ಬಿಡಿ.

ಎಷ್ಟು ಬಿಡಬೇಕು? ಮಾಸ್ಟಿನ, ಅಂದರೆ ಹಾಯಿಕಂಬದ, ಪಕ್ಕದ ಅಂಚು ನಡುಗುವವರೆಗೆ. ಆಮೇಲೆ ನಡುಕ ನಿಲ್ಲುವಷ್ಟು ಮಾತ್ರ ಎಳೆಯಿರಿ. ಅರ್ಧ ನಿಮಿಷದ ನಂತರ ಮತ್ತೆ ಸಡಿಲಿಸಿ ನೋಡಿ. ಮತ್ತೆ ನೋಡಿ. ಬೇಜಾರಾದರೂ ಸರಿ.

ಇನ್ನೂ ಅನುಮಾನವೇ? ಕಣದಲ್ಲಿ ಹೆಂಗಸರು ಮೆಣಸು ತೂರುವುದನ್ನು ನೋಡಿ. ಗಾಳಿ ಸಣ್ಣಗಿದ್ದರೆ ಮೊರವನ್ನು ತಲೆಗಿಂತ ಮೇಲೆ ಎತ್ತುತ್ತಾರೆ. ನೆಲದ ಹತ್ತಿರ ಗಾಳಿ ನಿಧಾನ, ಮೇಲೆ ಜಾಸ್ತಿ. ನೀರಿನ ಮೇಲೂ ಹಾಗೇ. ಹಾಗಾಗಿ ಓಡುವ ದೋಣಿಯಲ್ಲಿ ಹಾಯಿಯ ತುದಿಗೆ ಸಿಗುವ ಗಾಳಿ, ಬುಡಕ್ಕೆ ಸಿಗುವುದಕ್ಕಿಂತ ಸ್ವಲ್ಪ ಹಿಂದಿನಿಂದ ಬರುತ್ತದೆ. ತುದಿ ಕೊಂಚ ತೆರೆದುಕೊಂಡೇ ಇರಬೇಕು. ನೀವು ಜಗ್ಗಿದಿರೋ, ಅದೂ ಮುಚ್ಚಿಕೊಳ್ಳುತ್ತದೆ.

ಬೈಯುತ್ತೇನೆ ನಿಜ, ಆದರೆ ನಾನೂ ಹೀಗೇ ಇದ್ದವನು. ಹೈದರಾಬಾದಿನ ಹುಸೇನ್ ಸಾಗರದಲ್ಲಿ ಕಲಿಯುವಾಗ ನಮ್ಮ ಹವಾಲ್ದಾರರು, ಹಗ್ಗವನ್ನು ಎರಡೇ ಬೆರಳಲ್ಲಿ ಹಿಡಿಯಬೇಕು ಎಂದರು. ಮೂರನೆಯದು ತಾಗಿದರೆ ಅವತ್ತಿನ ಚಹಾ ಎಲ್ಲರಿಗೂ ನನ್ನ ಲೆಕ್ಕದಲ್ಲಿ. ಮೊದಲ ವಾರ ಕ್ಯಾಂಟೀನಿನವನಿಗೆ ನನ್ನನ್ನು ಕಂಡರೆ ಬಹಳ ಪ್ರೀತಿ.

ನಮ್ಮ ಮಾಲೀಕರಿಗೂ ಎರಡು ಬೆರಳಿನ ಶಿಕ್ಷೆ ಕೊಟ್ಟೆ. ಹಗ್ಗ ಒಂದು ಮೊಳ ಬಿಡಿಸಿದೆ. ‘ಇಷ್ಟೊಂದಾ ಸರ್?’ ಎಂದರು. ಹಿಂದೆ ನೀರಿನ ಗೆರೆ ಮೂಡಿದ ಮೇಲೆ ಸುಮ್ಮನಾದರು.

ಉಳಿದದ್ದು ನಿಮಗೆ ಗೊತ್ತಿರುವುದೇ. ಮುಂದೆ ಸರಿದು ಕೂರಿ. ಲೇಸರ್‌ನ ಒಡಲು 59 ಕೆ.ಜಿ., ಹೆಚ್ಚಿನವರು ಅದಕ್ಕಿಂತ ಭಾರ. ಹಿಂದೆ ಕೂತರೆ ಹಿಂತುದಿ ಮುಳುಗಿ ನೀರನ್ನು ಎಳೆಯುತ್ತದೆ. ದೋಣಿ ಹಾಯಿ ಇರುವ ಬದಿಗೆ ತುಸು ವಾಲಲಿ. ಹಾಯಿ ತನ್ನ ಭಾರಕ್ಕೇ ಆಕಾರ ಪಡೆಯುತ್ತದೆ. ಚುಕ್ಕಾಣಿ ಸುಮ್ನೆ ಅಲ್ಲಾಡಿಸಬೇಡಿ, ಅದು ಬ್ರೇಕು.

ಇಷ್ಟೂ ಒಂದೇ ಹಾಯಿಯ ಸಣ್ಣ ದೋಣಿಗೆ ಹೇಳಿದ್ದು. ಎರಡು ಹಾಯಿ ಇದ್ದರೆ ಲೆಕ್ಕ ಸ್ವಲ್ಪ ಬೇರೆ. ಜಲಾಶಯಕ್ಕೆ ಇಳಿಯುವ ಮೊದಲು ಅನುಮತಿ ಕೇಳಿ, ಲೈಫ್ ಜಾಕೆಟ್ ಹಾಕಿ. ಗಾಳಿ ಪೂರ್ತಿ ಸತ್ತರೆ ಯಾವ ವಿದ್ಯೆಯೂ ನಡೆಯದು, ಒಂದು ಹುಟ್ಟು ಇರಲಿ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಮೋಡ ಕಟ್ಟಿ ಗಾಳಿ ನಿಂತರೆ ಮಾತ್ರ ನನ್ನ ಪಾಠ ಮರೆತು ದಡಕ್ಕೆ ಬನ್ನಿ. ಆಮೇಲೆ ಬೀಸುವುದು ಬೇರೆ ಜಾತಿಯ ಗಾಳಿ. ಲೇಸರ್‌ನ ಹಾಯಿಯನ್ನು ನಡುನೀರಲ್ಲಿ ಇಳಿಸುವುದು ಸುಲಭವಲ್ಲ.