ಪದ ಪರಿಚಯ: ಟೊಳ್ಳುಮೂತಿ ಗುಂಡು

ಮೂಡಿಗೆರೆ ಕಡೆಯ ಮದುವೆಯೊಂದರಲ್ಲಿ, ಅಮೆರಿಕದಿಂದ ರಜೆಗೆ ಬಂದಿದ್ದ ನೆಂಟರ ಹುಡುಗನೊಬ್ಬ ಅಲ್ಲಿ ಪರವಾನಗಿ ಪಡೆದು ಎಲ್ಕ್ ಎಂಬ ದೊಡ್ಡ ಜಿಂಕೆಯ ಶಿಕಾರಿಗೆ ಹೋಗುವ ವಿಚಾರ ಹೇಳುತ್ತಿದ್ದ. ಗುರಿ ಸ್ಪರ್ಧೆಗೆಂದು ಕೊಂಡ ಗುಂಡುಗಳನ್ನೇ ಒಯ್ಯುತ್ತಾನಂತೆ. "ಗುರಿಯ ಗುಂಡು, ಬೇಟೆಯ ಗುಂಡು ಎರಡೂ ಮೂತಿಯಲ್ಲಿ ತೂತಿರುವ ಟೊಳ್ಳುಮೂತಿಯವೇ ಅಲ್ಲವೇ ಮಾವ? ಇದು ಇನ್ನೂ ನಿಖರ" ಎಂದ. ಇದೇ ತಪ್ಪನ್ನು ಕನ್ನಡ ಬರಹಗಳಲ್ಲೂ ಎಷ್ಟೋ ಸಲ ಓದಿದ್ದೇನೆ. ಇನ್ನು ಸುಮ್ಮನಿರಲಾಗದು.

ಗುಂಡು ಎಂದರೆ ಗುಂಡಗಿರುವುದು. ಕೇಪಿನ ಕೋವಿಗೆ ನಳಿಗೆಯ ಬಾಯಿಂದ ತುಂಬುತ್ತಿದ್ದುದು ಸೀಸದ ಉಂಡೆಯನ್ನೇ. ಇಂಗ್ಲಿಷಿನ ಬುಲೆಟ್ ಕೂಡ 'ಚಿಕ್ಕ ಉಂಡೆ' ಎಂಬರ್ಥದ ಫ್ರೆಂಚ್ ಪದದಿಂದ ಬಂದದ್ದು. ರೈಫಲ್ಲಿನ ಗುಂಡು ಉದ್ದವಾಯಿತು, ಮೂತಿ ಚೂಪಾಯಿತು, ಹೆಸರು ಮಾತ್ರ ಹಾಗೆಯೇ ಉಳಿಯಿತು. ನಮ್ಮ ತೋಟಗಳ ಹಿರಿಯರು ಇಲ್ಲಿ ಸಡಿಲ ಬಿಟ್ಟವರಲ್ಲ. ಹಕ್ಕಿಗೆ ಹಾರಿಸುವ ಸಣ್ಣ ಕಾಳು ಚರೆ, ಹಂದಿಗೆ ಹಾರಿಸುವುದು ಗುಂಡು, ಮದ್ದು ಮತ್ತು ಚಿಪ್ಪೆಲ್ಲ ಸೇರಿದ್ದು ತೋಟೆ. ಸ್ಥಳದಲ್ಲಿ 'ಖಾಲಿ ಗುಂಡು' ಸಿಕ್ಕಿತೆಂದು ಬರೆಯುವವರು ಇದನ್ನಾದರೂ ಗಮನಿಸಬೇಕು. ಗುಂಡು ಖಾಲಿಯಾಗುವುದಿಲ್ಲ, ಖಾಲಿಯಾಗುವುದು ತೋಟೆ.

ಈಗ ಮೂತಿಯ ತೂತಿನ ವಿಚಾರಕ್ಕೆ ಬರೋಣ. ಗುರಿ ಗುಂಡನ್ನು ಮಾಡುವಾಗ ತಾಮ್ರದ ಮಿಶ್ರಲೋಹದ ಪುಟ್ಟ ಬಟ್ಟಲಿಗೆ (ಇದೇ ಗುಂಡಿನ ಹೊದಿಕೆ) ಸೀಸ ತುಂಬಿ, ಬಾಯಿಯನ್ನು ಒತ್ತಿ ಚೂಪು ಮಾಡುತ್ತಾರೆ. ಕೊನೆಗೆ ಮುಚ್ಚಿಕೊಳ್ಳುವುದು ಮೂತಿಯಾದ್ದರಿಂದ ಅಲ್ಲಿ ಸೂಜಿಮೊನೆಯಷ್ಟು ತೂತು ಉಳಿಯುತ್ತದೆ. ಹೀಗೆ ಮಾಡುವುದು ತಳ ಒಂದೇ ಸಮನಾಗಿರಲೆಂದು. ನಳಿಗೆ ದಾಟುವ ಕ್ಷಣದಲ್ಲಿ ತಳ ಓರೆಯಾಗಿದ್ದರೆ ಗುರಿ ತಪ್ಪುತ್ತದೆ. ಅಂದರೆ ಆ ತೂತು ತಯಾರಿಕೆಯಲ್ಲಿ ಉಳಿದುಹೋದದ್ದು, ಮಾಂಸದಲ್ಲಿ ಅದಕ್ಕೆ ಯಾವ ಕೆಲಸವೂ ಇಲ್ಲ. ಬೇಟೆ ಗುಂಡಿನ ತೂತು ಹಾಗಲ್ಲ. ಅದು ಅಗಲ, ಮತ್ತು ದೇಹಕ್ಕೆ ತಾಗಿದೊಡನೆ ಮೂತಿ ಅಣಬೆಯಂತೆ ಅರಳಲೆಂದೇ ಇಟ್ಟದ್ದು.

ಈ ವ್ಯತ್ಯಾಸ ಬರಿಯ ಮಾತಿನದಲ್ಲ. ಅರಳುವ ಗುಂಡುಗಳನ್ನು ಯುದ್ಧದಲ್ಲಿ ಬಳಸಬಾರದೆಂದು 1899ರಲ್ಲಿ ಹೇಗ್‌ನಲ್ಲಿ ಘೋಷಣೆಯಾಯಿತು. ಕೋಲ್ಕತ್ತದ ಬಳಿಯ ದಮ್ ದಮ್ ಕಾರ್ಖಾನೆಯ ಅರಳುವ ಗುಂಡುಗಳು ಕುಖ್ಯಾತವಾಗಿದ್ದ ಕಾಲವದು. ಆದರೂ ಅಮೆರಿಕದ ಸೇನೆ ಮೂತಿ ತೆರೆದ ಗುರಿ ಗುಂಡನ್ನು ಬಳಸಬಹುದೆಂದು ಅದರ ಕಾನೂನು ವಿಭಾಗ 1990ರಲ್ಲಿ ಅಭಿಪ್ರಾಯ ಕೊಟ್ಟಿತು, ಏಕೆಂದರೆ ಆ ತೂತು ಅರಳಲು ಮಾಡಿದ್ದಲ್ಲ. ಬ್ರಿಟನ್ನಿನ ಜಿಂಕೆ ಕಾನೂನು ಇದಕ್ಕೆ ತಿರುಗುಮುರುಗು. ಅಲ್ಲಿ ಮೆದುಮೂತಿಯ (ಮೂತಿಯಲ್ಲಿ ಸೀಸ ತೆರೆದಿರುವ) ಅಥವಾ ಟೊಳ್ಳುಮೂತಿಯ ಗುಂಡನ್ನೇ ಬಳಸಬೇಕು. ಪ್ರಾಣಿ ಬೇಗ ಸಾಯಲಿ, ನರಳದಿರಲಿ ಎಂಬುದು ಕಾರಣ.

ಗುರಿ ಗುಂಡು ದೊಡ್ಡ ಪ್ರಾಣಿಗೆ ತಾಗಿದರೆ ಏನಾಗುತ್ತದೆಂದು ಮೊದಲೇ ಹೇಳಲಾಗದು. ಮೂತಿ ಮುಚ್ಚಿಕೊಂಡು ಕಿರಿದಾದ ಗಾಯ ಮಾಡಿ ಆಚೆ ಹೋಗಬಹುದು. ಇಲ್ಲವೇ ತೆಳು ಹೊದಿಕೆ ಭುಜದ ಎಲುಬಿಗೆ ತಾಗಿ ಪುಡಿಯಾಗಿ, ಶ್ವಾಸಕೋಶಕ್ಕೆ ತಲುಪದೆ ಮೇಲೆಯೇ ನಿಲ್ಲಬಹುದು. ಎರಡರಲ್ಲೂ ಪ್ರಾಣಿ ಗಾಯದೊಂದಿಗೆ ಓಡಿಹೋಗಬಹುದು. ಬೇಟೆ ಗುಂಡಿನ ಹೊದಿಕೆ ತಳದ ಕಡೆ ದಪ್ಪ. ಮುಂಭಾಗ ಅರಳುತ್ತದೆ, ಹಿಂಭಾಗ ತೂಕ ಉಳಿಸಿಕೊಂಡು ಒಳಕ್ಕೆ ನುಗ್ಗುತ್ತದೆ. 1948ರಲ್ಲಿ ಅಮೆರಿಕದ ಗುಂಡು ತಯಾರಕ ಜಾನ್ ನಾಸ್ಲರ್ ತಂದ ಪಾರ್ಟಿಷನ್ ಗುಂಡಿನಲ್ಲಿ ಈ ಎರಡು ಭಾಗಗಳ ನಡುವೆ ಲೋಹದ ಗೋಡೆಯೇ ಇದೆ.

ಇನ್ನು ನಿಖರತೆ. ಜಿಂಕೆಯ ಹೃದಯ ಮತ್ತು ಶ್ವಾಸಕೋಶದ ಜಾಗ ಸುಮಾರು 8ರಿಂದ 10 ಅಂಗುಲ ಅಗಲ, ಎಲ್ಕ್‌ನದು ಅದಕ್ಕಿಂತ ದೊಡ್ಡದು. ನೂರು ಗಜದಲ್ಲಿ ಒಂದೂವರೆ ಅಂಗುಲದೊಳಗೆ ಬೀಳುವ ಬೇಟೆ ಗುಂಡು ಅಲ್ಲಿ ಸಾಕಷ್ಟು ನಿಖರವೇ. ಕಾಗದದ ಮೇಲೆ ಅರ್ಧ ಅಂಗುಲ ಉಳಿಸಿದ್ದಕ್ಕೆ ಜೀವವೊಂದು ಕಾಡಿನಲ್ಲಿ ದಿನಗಟ್ಟಲೆ ನರಳುವುದನ್ನು ನಾನು ಒಪ್ಪಲಾರೆ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಶಿಕಾರಿಯನ್ನು ನಿಷೇಧಿಸಿರುವುದರಿಂದ ಈ ಆಯ್ಕೆಯ ಪ್ರಶ್ನೆ ಇಲ್ಲಿ ಏಳುವುದಿಲ್ಲ. ಆದರೆ ಕನ್ನಡದಲ್ಲಿ ಬರೆಯುವವರು 'ಗುರಿ ಗುಂಡು', 'ಬೇಟೆ ಗುಂಡು' ಎಂದು ಬೇರೆ ಮಾಡಿ ಬರೆಯಲಿ. ಟೊಳ್ಳುಮೂತಿ ಎಂಬ ಮಾತನ್ನು ಎರಡನೆಯದಕ್ಕೆ ಮಾತ್ರ ಮೀಸಲಿಡಲಿ. ಆ ಹುಡುಗನಿಗೆ ಹೇಳಿದ್ದು ಇಷ್ಟೇ: ತೂತು ನೋಡಬೇಡ, ಡಬ್ಬಿಯನ್ನು ಓದು. 'ಮ್ಯಾಚ್' (ಅಂದರೆ ಸ್ಪರ್ಧೆಯದು) ಎಂದಷ್ಟೇ ಇದ್ದರೆ ಕಾಡಿಗೆ ಒಯ್ಯಬೇಡ.